ತಪ್ಪು ಒತ್ತಿ ನೋಡು

ಕಂಪ್ಯೂಟರ್ ಕಲಿಸಿ ಹೊಟ್ಟೆ ಹೊರೆದವನು ನಾನು. ಗುಂಡ್ಲುಪೇಟೆಯಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಗೊಬ್ಬರದ ಅಂಗಡಿಯ ಮಹಡಿ ಮೇಲೆ, ಆರು ಕಂಪ್ಯೂಟರುಗಳ ತರಬೇತಿ ಕೇಂದ್ರ ಇಟ್ಟುಕೊಂಡಿದ್ದೆ. ಈಗ ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಹತ್ತಿರ ಕಲಿತವರು ಇವತ್ತಿಗೂ ಹೇಳುತ್ತಾರೆ. ಸುಳ್ಳಲ್ಲ. ತೆರೆಯ ಮೇಲೆ ಯಂತ್ರ ಏನೋ ಕೇಳುತ್ತಿದ್ದರೆ ಅದನ್ನು ಓದದೆ ಪಟಕ್ಕನೆ ಕೀಲಿ ಒತ್ತುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಮೊದಲು ಓದಿ, ಆಮೇಲೆ ಒತ್ತಿ ಎಂದು ದಿನಕ್ಕೆ ಇಪ್ಪತ್ತು ಸಲ ಬಯ್ಯುತ್ತಿದ್ದೆ. ಹಾಗೆ ಬಯ್ದವನೇ ಹೋದ ವರ್ಷ ಒಂದು ಕೀಲಿ ಒತ್ತಿದೆ. ಅದನ್ನು ಯಾರಿಗೂ ಸರಿಯಾಗಿ ಹೇಳಿಕೊಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನೂ ನನ್ನ ಅಕ್ಕನೂ ಭೀಮನಬೀಡಿನವರು. ಅಕ್ಕನನ್ನು ಹರವೆಗೆ ಕೊಟ್ಟಿದ್ದರು. ಭಾವ ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ಬರುವವರು. ಅವರಿಗೆ ಒಬ್ಬಳೇ ಮಗಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸದು. ಮೈಸೂರಿನ ಒಂದು ಶಾಲೆಗೆ ಸೇರಿಸಿ ಅಲ್ಲೇ ಹಾಸ್ಟೆಲಿನಲ್ಲಿ ಬಿಟ್ಟಿದ್ದರು. ಆ ಶಾಲೆಯಲ್ಲಿ ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ಕಲಿಸುತ್ತಿದ್ದರು. ಅಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ ರಜೆಗೆ ಊರಿಗೆ ಬಂದರೆ ಪೆದ್ದಿಯ ಹಾಗೆ ಕೂತಿರುತ್ತಿದ್ದಳು. ಅಕ್ಕ ಹೇಳಿದ್ದು ತಿಳಿಯದು, ಅಜ್ಜಿ ಹೇಳಿದ್ದು ತಿಳಿಯದು. ಫೀಸು ಕಟ್ಟಿ ಕಲಿಸಿದ್ದೆಲ್ಲ ಇದೇನಾ ಎಂದು ಭಾವನಿಗೆ ಒಳಗೊಳಗೇ ಸಿಟ್ಟು.

ಅವಳಿಗೆ ಎಂಟು ವರ್ಷ ಇದ್ದಾಗ ನಡೆದದ್ದು ನನ್ನ ಕಣ್ಣಮುಂದೆ ಇದೆ. ಬೇಸಿಗೆ ರಜೆಯ ಒಂದು ಮಧ್ಯಾಹ್ನ ನಾನು ಹರವೆಗೆ ಹೋಗಿದ್ದೆ. ಭಾವ ಜಗಲಿಯ ಮೇಲೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಅವರು ಒಂದು ಮಾತು ಹೇಳಬೇಕು, ಅವಳು ತುಟಿ ನೋಡಿ ಅದನ್ನು ಸ್ಲೇಟಿನ ಮೇಲೆ ಬರೆಯಬೇಕು. 'ಬಿಡು' ಎನ್ನುವ ಮಾತು ಬಂತು. ಅವಳು 'ಬುಡು' ಎಂದು ಬರೆದಳು. ಭಾವ ಅದನ್ನು ಒರೆಸಿ, 'ಬಿಡು' ಎಂದು ತಾವೇ ಬರೆದು ತೋರಿಸಿ, ಮತ್ತೆ ಹೇಳಿದರು. ಅವಳು ಅವರ ಬಾಯನ್ನೇ ದಿಟ್ಟಿಸಿ ನೋಡಿ ಮತ್ತೆ 'ಬುಡು' ಎಂದೇ ಬರೆದಳು. ಮೂರನೆಯ ಸಲವೂ ಹಾಗೇ ಆದಾಗ ಕೆನ್ನೆಗೆ ಬಾರಿಸಿದರು. ಸ್ಲೇಟು ಜಗಲಿಯಿಂದ ಕೆಳಕ್ಕೆ ಬಿತ್ತು.

ನನಗೆ ತಡೆಯಲಾಗಲಿಲ್ಲ. "ಭಾವ, ಅವಳು ಬರ್ದಿರೋದೇ ಸರಿ. ನಿಮ್ ಬಾಯಲ್ಲಿ ಬತ್ತಿರೋದೇ ಬುಡು," ಎಂದೆ.

ನಮ್ಮ ಕಡೆ ಮಾತಾಡುವಾಗ ಯಾರು ತಾನೆ 'ಬಿಡು' ಅನ್ನುತ್ತಾರೆ? 'ಬುಡು' ಅನ್ನುತ್ತೇವೆ. 'ಹೋಗು' ಅನ್ನುವುದಿಲ್ಲ, 'ಓಗು' ಅನ್ನುತ್ತೇವೆ. ತರಗತಿಯಲ್ಲಿ ಪುಸ್ತಕ ಹಿಡಿದಾಗ ಭಾವನ ಬಾಯಿ ಬೇರೆ, ಮನೆಯ ಜಗಲಿಯ ಮೇಲೆ ಬೇರೆ. ಅದು ಅವರಿಗೇ ಗೊತ್ತಿರಲಿಲ್ಲ. ಬಿ ಎಂದರೆ ತುಟಿ ಅಗಲವಾಗುತ್ತದೆ, ಬು ಎಂದರೆ ಗುಂಡಗಾಗುತ್ತದೆ. ಮಗು ಕಂಡದ್ದನ್ನು ಕಂಡ ಹಾಗೆ ಬರೆದಿತ್ತು. ಮೈಸೂರಿನಲ್ಲಿ ಅವಳಿಗೆ ಕಲಿಸಿದ್ದು ಪುಸ್ತಕದ ಬಾಯಿ, ಊರಿನಲ್ಲಿ ಎಲ್ಲರದೂ ಊರಿನ ಬಾಯಿ. ಇಷ್ಟು ದಿನ ಅವಳು ಪೆದ್ದಿಯ ಹಾಗೆ ಕೂತಿದ್ದದ್ದು ಏಕೆಂದು ಅವತ್ತು ನಮಗೆ ತಿಳಿಯಿತು.

ಭಾವ ಎದ್ದು ಹೋಗಿ ಸ್ಲೇಟು ತಂದು, ಒರೆಸಿ, ಗೂಡಿನಲ್ಲಿಟ್ಟರು. ಮಗಳ ಹತ್ತಿರ ತಪ್ಪಾಯಿತು ಎನ್ನುವ ರೂಢಿ ಆಗಿನ ಅಪ್ಪಂದಿರಿಗೆ ಇರಲಿಲ್ಲ. ಇವರಿಗಂತೂ ಮೊದಲೇ ಬಿಗುಮಾನ. ಆದರೆ ಮುಂದಿನ ಭಾನುವಾರ ಗುಂಡ್ಲುಪೇಟೆಗೆ ಬಂದು, ನನ್ನ ಕೇಂದ್ರದ ಮೆಟ್ಟಿಲು ಹತ್ತಿ, ತಮಗೂ ಕಂಪ್ಯೂಟರಿನ ಪ್ರೋಗ್ರಾಂ ಬರೆಯುವುದನ್ನು ಕಲಿಸಬೇಕೆಂದು ಕೇಳಿದರು.

ಯಾವುದೋ ಕಚೇರಿಯವರು ಹರಾಜಿಗೆ ಹಾಕಿದ್ದ ಒಂದು ಡೆಸ್ಕ್‌ಟಾಪ್ ಕೊಡಿಸಿದೆ. ಆರು ತಿಂಗಳು ಭಾನುವಾರ ತಪ್ಪಿಸದೆ ಬಂದರು. ಆ ಯಂತ್ರಕ್ಕೆ ಕನ್ನಡ ಬಾರದು. ಅದಕ್ಕೇ ಮೇಷ್ಟ್ರು ಗ್ರಾಫ್ ಪುಸ್ತಕದಲ್ಲಿ ಒಂದೊಂದು ಅಕ್ಷರ, ಗುಣಿತ, ಒತ್ತು ಎಲ್ಲವನ್ನೂ ಚೌಕ ತುಂಬಿ ತುಂಬಿ ಬರೆದು, ಪ್ರತಿಯೊಂದಕ್ಕೂ ಒಂದು ಅಂಕಿ ಕೊಟ್ಟರು. ಅಂಕಿ ಕೊಟ್ಟರೆ ಯಂತ್ರ ಆ ಅಕ್ಷರವನ್ನು ಚುಕ್ಕಿಯಲ್ಲಿ ಬರೆಯುತ್ತಿತ್ತು. ಕೊನೆಗೆ ಪ್ರೋಗ್ರಾಂ ಎದ್ದು ನಿಂತಿತು. ತೆರೆಯ ಮೇಲೆ ದೊಡ್ಡದಾಗಿ ಊರಿನ ಮಾತು ಬರುತ್ತದೆ, 'ಓಗು' ಎಂದು. ಕೆಳಗೆ ಮೂರು ಪುಸ್ತಕದ ಮಾತು. ಸರಿಯಾದದ್ದರ ಅಂಕಿ ಒತ್ತಿದರೆ 'ಸೈ ಕಣಮ್ಮಿ' ಅಂತಲೋ, 'ನನ್ ಚಿನ್ನ ಕಣಮ್ಮಿ' ಅಂತಲೋ ಒಂದು ಸಾಲು ಬೀಳುತ್ತದೆ. ತಪ್ಪು ಒತ್ತಿದರೂ ಒಂದು ಸಾಲು ಇತ್ತು. ಅದನ್ನು ಅವಳು ನೋಡಲೇ ಇಲ್ಲ. ಆ ಏಟು ತಿಂದ ಮೇಲೆ ಅವಳು ಖಾತ್ರಿಯಾಗದೆ ಕೀಲಿ ಮುಟ್ಟುತ್ತಿರಲಿಲ್ಲ. ಕೀಲಿಯ ಮೇಲೆ ಬೆರಳು ಆಡಿಸುತ್ತ ಹತ್ತು ನಿಮಿಷ ಬೇಕಾದರೂ ಕೂರುವಳು, ತಪ್ಪನ್ನು ಮಾತ್ರ ಒತ್ತಳು. ಭಾವ ಪಕ್ಕದಲ್ಲಿ ಕೂತು ಆ ಬೆರಳನ್ನೇ ನೋಡುತ್ತಿದ್ದರು.

ಎರಡು ಮೂರು ರಜೆಗಳಲ್ಲಿ ಅವಳಿಗೆ ಊರಿನ ಬಾಯಿ ಬಂತು. ಮತ್ತೆ ಆ ಪ್ರೋಗ್ರಾಂ ಬೇಕಾಗಲಿಲ್ಲ. ಭಾವನಿಗೆ ಪ್ರಶ್ನೆಪತ್ರಿಕೆ ಇಡಲು ಹಾರ್ಡ್ ಡಿಸ್ಕಿನಲ್ಲಿ ಜಾಗ ಬೇಕಿತ್ತು. ಈಗಿನ ಒಂದು ಫೋಟೊ ಹಿಡಿಸಿದರೆ ತುಂಬಿಹೋಗುವಷ್ಟು ಡಿಸ್ಕು ಅದು. ದೊಡ್ಡ ಫೈಲುಗಳನ್ನು ಅಮುಕಿ ಚಿಕ್ಕದು ಮಾಡಿ ಫ್ಲಾಪಿಯಲ್ಲಿ ಇಡುವುದನ್ನು ನಾನೇ ಕಲಿಸಿಕೊಟ್ಟೆ. ನನ್ನ ಕೇಂದ್ರದಲ್ಲಿ ಅದಕ್ಕೆ ಮೂಟೆ ಕಟ್ಟುವುದು ಎನ್ನುತ್ತಿದ್ದೆವು, ತೆಗೆದು ಮತ್ತೆ ಡಿಸ್ಕಿನಲ್ಲಿ ಹರಡುವುದಕ್ಕೆ ಮೂಟೆ ಬಿಚ್ಚುವುದು. ಮಾರುಕಟ್ಟೆಗೆ ಹೋಗುವ ಚೆಂಡು ಹೂವನ್ನು ಚೀಲಕ್ಕೆ ತುಳಿದು ತುಂಬಿದ ಹಾಗೆ ಎಂದರೆ ಕಲಿಯುವವರಿಗೆ ಬೇಗ ಅರ್ಥವಾಗುತ್ತಿತ್ತು. ಭಾವನ ಪ್ರೋಗ್ರಾಂ ಎರಡು ಫ್ಲಾಪಿಯ ಮೂಟೆಯಾಯಿತು.

ಹೋದ ವರ್ಷ ಭಾವ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿದ್ದರು, ಮಾತಿಲ್ಲ. ಅಪ್ಪನಿಗೂ ಮಗಳಿಗೂ ನಡುವೆ ಅವಳ ಚಿಕ್ಕ ನೋಟ್ ಪುಸ್ತಕವೇ ಮಾತು. ಅದರಲ್ಲಿ ಅವರು ಸೊಟ್ಟ ಅಕ್ಷರದಲ್ಲಿ ಬರೆದದ್ದು ಇಷ್ಟು: 'ಹಳೇ ಕಂಪ್ಯೂಟರು. ತಪ್ಪು ಒತ್ತಿ ನೋಡು.' ಜ್ವರದ ಕನವರಿಕೆ ಎಂದು ನಾವೆಲ್ಲ ಅಂದುಕೊಂಡೆವು. ಅವಳು ಅಂದುಕೊಳ್ಳಲಿಲ್ಲ. ತಿಥಿ ಕಳೆದ ಮೇಲೆ ಆ ಹಾಳೆಯ ಫೋಟೊ ತೆಗೆದು ನನ್ನ ಮೊಬೈಲಿಗೆ ಕಳಿಸಿದಳು. ಕೆಳಗೆ ಬರೆದಿದ್ದಳು, ಮಾವ, ಅಪ್ಪ ನನಗೇ ಅಂತ ಇಟ್ಟಿರುವ ಮಾತು ಅದು, ನನಗೆ ಅದು ಬೇಕು, ನೀವು ಬನ್ನಿ ಎಂದು.

ಅವಳಿಗೆ ಈಗ ನಲವತ್ತರ ಹತ್ತಿರ. ಹರವೆಯ ಮನೆಯಲ್ಲೇ ಅಮ್ಮನ ಜೊತೆ ಇದ್ದುಕೊಂಡು ಚಾಮರಾಜನಗರದ ಬಟ್ಟೆ ಅಂಗಡಿಗಳಿಗೆ ರವಿಕೆ ಹೊಲಿದು ಕೊಡುತ್ತಾಳೆ. ನಾನು ಹೋದ ದಿನ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ತಲೆ ಬಾಚಿ, ಪರೀಕ್ಷೆಗೆ ಹೊರಟವಳ ಹಾಗೆ ಕಾದು ಕೂತಿದ್ದಳು.

ಯಂತ್ರ ಭಾವನ ಕೋಣೆಯಲ್ಲೇ ಇತ್ತು. ಒಳಗಿನ ಬ್ಯಾಟರಿ ಯಾವಾಗಲೋ ಸತ್ತಿತ್ತು. ಹಾಗಾಗಿ ಪ್ರತಿ ಸಲ ಹಾಕಿದಾಗಲೂ ಅದಕ್ಕೆ ತನ್ನ ಡಿಸ್ಕು ಎಂಥದ್ದೆಂದೇ ಮರೆತುಹೋಗುತ್ತದೆ, ನಾವೇ ಅಂಕಿ ಹೊಡೆದು ನೆನಪಿಸಬೇಕು. ಆ ಅಂಕಿಗಳ ಚೀಟಿಯನ್ನು ಭಾವ ಪಕ್ಕಕ್ಕೇ ಅಂಟಿಸಿದ್ದರು. ಇಸವಿ ತಾರೀಖೂ ಅದಕ್ಕೆ ನೆನಪಿರದು. ಯಾವತ್ತು ಏನು ಬರೆದಿಟ್ಟರೂ ಬಹಳ ಹಿಂದಿನ ಒಂದೇ ತಾರೀಖು ಹಾಕುತ್ತದೆ. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವಲ್ಲ. ಮೂವತ್ತು ವರ್ಷ ಇದನ್ನೇ ಕಲಿಸಿದವನು.

ಫ್ಲಾಪಿ ಡ್ರೈವಿನ ತಲೆಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿದೆ. ಮೊದಲ ಫ್ಲಾಪಿ ನಾಲ್ಕು ಸಲ ಓದಲಾರೆ ಎಂದಿತು. ಐದನೆಯ ಸಲ ಕರಕರ ಸದ್ದು ಮಾಡುತ್ತ ಓದಿತು. ಮೂಟೆ ಬಿಚ್ಚಿಕೊಳ್ಳಲು ಶುರುವಾಯಿತು. ತೆರೆಯ ಮೇಲೆ ಒಂದೊಂದೇ ಫೈಲಿನ ಹೆಸರು ಬರುತ್ತಿದ್ದರೆ ನನಗೂ ಉಮ್ಮಳಿಸಿ ಬಂತು, ಸುಳ್ಳೇಕೆ. ಎರಡನೆಯ ಫ್ಲಾಪಿ ಹಾಕಿದ ಸ್ವಲ್ಪ ಹೊತ್ತಿಗೆ ಯಂತ್ರ ನಿಂತು ಒಂದು ಪ್ರಶ್ನೆ ಕೇಳಿತು. ಈ ಹೆಸರಿನ ಫೈಲು ಡಿಸ್ಕಿನಲ್ಲಿ ಆಗಲೇ ಒಂದಿದೆ, ಅದರ ಮೇಲೆ ಇದನ್ನು ಬರೆಯಲೋ ಬೇಡವೋ ಎಂದು. ಡಿಸ್ಕಿನಲ್ಲಿದ್ದ ಫೈಲಿನ ತಾರೀಖು ನೋಡಿದೆ, ಅದೇ ಬಹಳ ಹಿಂದಿನ ತಾರೀಖು. ಯಾವುದೋ ಹಳೆಯ ಕಸ ಎಂದುಕೊಂಡೆ.

ಅಕ್ಕ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ತಿರುಗದೆಯೇ ಕೇಳಿದೆ. "ಅಕ್ಕ, ಇದೇ ಹೆಸ್ರಿಂದು ಹಳೇದೊಂದು ಒಳ್ಗದೆ. ಏನ್ ಮಾಡನ?"

"ನಿಮ್ ಭಾವಂದೇ ಇರ್ಬೇಕು. ಬುಟ್ಬುಡು ಕಣ್ಲಾ," ಎಂದಳು.

ಹಳೆಯದು ತಾನೆ, ಹೋಗಲಿ ಬಿಡು ಎಂದಳೆಂದುಕೊಂಡು ಹೂಂ ಎನ್ನುವ ಕೀಲಿ ಒತ್ತಿದೆ. ಮಗಳು ನನ್ನ ಬೆನ್ನ ಹಿಂದೆ ಕೂತಿದ್ದಳು. ನನ್ನ ಮುಖ ತೆರೆಯ ಕಡೆಗಿತ್ತು, ಅಕ್ಕನ ಮುಖ ಮೊರದ ಕಡೆಗೆ. ತುಟಿ ಕಾಣದಿದ್ದರೆ ಅವಳ ಪಾಲಿಗೆ ಅಲ್ಲಿ ಮಾತೇ ನಡೆದಿಲ್ಲ.

ಮೂಟೆ ಪೂರ್ತಿ ಬಿಚ್ಚಿಕೊಂಡಿತು. ಪ್ರೋಗ್ರಾಂ ಎದ್ದಿತು. ಭಾವನ ಚುಕ್ಕಿ ಅಕ್ಷರಗಳು, ಅದೇ ಹಸಿರು ಬಣ್ಣ. ನಾನೆದ್ದು ಅವಳಿಗೆ ಜಾಗ ಕೊಟ್ಟೆ. ಅವಳು ಕೂತಳು, ಕೀಲಿಯ ಮೇಲೆ ಬೆರಳಿಟ್ಟಳು. ತುಂಬ ಹೊತ್ತಿನ ಮೇಲೆ ಬೇಕೆಂದೇ ತಪ್ಪು ಅಂಕಿ ಒತ್ತಿದಳು.

'ಇನ್ನೊಂದು ಸಲ ನೋಡು' ಎಂದು ಬಂತು. ಅಷ್ಟೇ.

ಮತ್ತೆ ಒತ್ತಿದಳು. ಅದೇ ಸಾಲು. ಹತ್ತು ಸಲ ಒತ್ತಿದರೂ ಅದೇ. ಯಾವ ಪಾಠದ ಪುಸ್ತಕದಲ್ಲಾದರೂ ಇರುವಂಥ ಸಾಲು. ಅವಳು ನನ್ನ ಕಡೆ ತಿರುಗಿ, ಇದಕ್ಕೇನಾ ಎನ್ನುವಂತೆ ನೋಡಿದಳು. ಆ ಮುಖ ನೋಡಿ, ಒಂದು ಗಳಿಗೆ ಭಾವನ ಮೇಲೆಯೇ ಸಿಟ್ಟು ಬಂತು ನನಗೆ. ಸಾಯುವಾಗ ಇಷ್ಟು ಆಸೆ ಹುಟ್ಟಿಸಿ ಹೋಗಬೇಕಿತ್ತೇ ಎಂದು.

ಅಕ್ಕನನ್ನು ಹಿತ್ತಿಲಿಗೆ ಕರೆದು ಕೇಳಿದೆ, ಭಾವ ಈಚೆಗೆ ಈ ಯಂತ್ರ ಹಾಕಿದ್ದರೇ ಎಂದು. ಹಾಕುತ್ತಿದ್ದರಲ್ಲ ಎಂದಳು. ಕಾಯಿಲೆ ಎಂದು ಗೊತ್ತಾದ ಮೇಲೆ ಒಂದು ತಿಂಗಳು, ಮಗಳು ಚಾಮರಾಜನಗರಕ್ಕೆ ಹೋದಾಗಲೆಲ್ಲ ಬಾಗಿಲು ಮುಂದೆ ಮಾಡಿಕೊಂಡು, ಆ ಗ್ರಾಫ್ ಪುಸ್ತಕ ಬಿಡಿಸಿಟ್ಟುಕೊಂಡು, ಬರೀ ಅಂಕಿ ಹೊಡೆಯುತ್ತ ಕೂರುತ್ತಿದ್ದರಂತೆ. ಬ್ಯಾಟರಿ ಸತ್ತ ಯಂತ್ರ ಯಾವತ್ತು ಬರೆದದ್ದಕ್ಕೂ ಅದೇ ಹಿಂದಿನ ತಾರೀಖು ಹಾಕುತ್ತದೆಂಬುದು ಆಗ ನೆನಪಾಯಿತು. ಯಂತ್ರ ಕೇಳಿದ ಆ ಫೈಲು ಹಳೆಯದಲ್ಲ. ತಪ್ಪು ಒತ್ತಿದರೆ ಬರಬೇಕಾದ ಸಾಲನ್ನು ಭಾವ ಸಾಯುವ ಮುಂಚೆ ಹೊಸದಾಗಿ ಬರೆದಿಟ್ಟದ್ದು. ಹಳೆಯದು ನಾನು ಫ್ಲಾಪಿಯಿಂದ ತೆಗೆದು ಅದರ ಮೇಲೆ ಸುರಿದದ್ದು.

ಮೇಲೆ ಬರೆದುಬಿಟ್ಟೆ ಎಂದು ಅಕ್ಕನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಮೊರ ಹಾಗೇ ಹಿಡಿದು ನಿಂತಳು.

"ಬುಟ್ಬುಡು ಅಂದ್ರೆ ಮುಟ್ಬ್ಯಾಡ ಅಂತ ಕಣ್ಲಾ. ಒರ್ಸು ಅಂದ್ನಾ ನಾನು?"

ಹಾಗೇ ಇರಲಿ ಎನ್ನುವುದಕ್ಕೂ ನಾವು ಬುಟ್ಬುಡು ಅನ್ನುತ್ತೇವೆ, ಹೋಗಲಿ ಎನ್ನುವುದಕ್ಕೂ ಅದನ್ನೇ ಅನ್ನುತ್ತೇವೆ. ಯಾವುದೆಂದು ಮುಖ ನೋಡಿದರೆ ತಿಳಿಯುತ್ತದೆ. ನಾನು ಮುಖ ನೋಡಿರಲಿಲ್ಲ. ಕಿವಿ ಇದೆಯೆಂಬ ಧೈರ್ಯ. ಅಕ್ಕ ತನ್ನ ಬಾಯೇ ಸರಿಯಿಲ್ಲ, ಬಿಡಿಸಿ ಹೇಳಬೇಕಿತ್ತು ಎಂದು ಅಳತೊಡಗಿದಳು. ನಿನ್ನದೇನೂ ಇಲ್ಲ ಎಂದೆ. ಆದರೆ ಒಳಗೆ ಹೋಗಿ ಮಗಳ ಮುಂದೆ ನಿಂತಾಗ ಡಿಸ್ಕು ಹಳೆಯದು, ಒಂದು ಫೈಲು ಕೆಟ್ಟಿದೆ, ಗುಂಡ್ಲುಪೇಟೆಗೆ ಒಯ್ದು ನೋಡುತ್ತೇನೆ ಎಂದುಬಿಟ್ಟೆ. ಅವಳು ನಂಬಿ ತಲೆಯಾಡಿಸಿದಳು. ಡಿಸ್ಕನ್ನೂ ಗ್ರಾಫ್ ಪುಸ್ತಕವನ್ನೂ ಟವೆಲಿನಲ್ಲಿ ಸುತ್ತಿ ನನ್ನ ಚೀಲದಲ್ಲಿ ಅವಳೇ ಇಟ್ಟಳು. ಬಸ್ಸಿನಲ್ಲಿ ಉದ್ದಕ್ಕೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತಿತ್ತು.

ಡಿಸ್ಕಿನಲ್ಲಿ ಒಂದು ಫೈಲನ್ನು ತೆಗೆದರೆ ಅದು ಅಲ್ಲೇ ಬಿದ್ದಿರುತ್ತದೆ, ಪಟ್ಟಿಯಿಂದ ಹೆಸರು ಮಾತ್ರ ಹೋಗುತ್ತದೆ. ಆ ಜಾಗದ ಮೇಲೆ ಹೊಸದು ಬಂದು ಕೂತರೆ ಮಾತ್ರ ನಿಜವಾಗಿ ಅಳಿಯುವುದು. ಎಷ್ಟು ಕೂತಿದೆಯೋ ಗೊತ್ತಿಲ್ಲ. ಮನೆಯ ಅಟ್ಟದಲ್ಲಿದ್ದ ನನ್ನದೊಂದು ಹಳೆಯ ಯಂತ್ರಕ್ಕೆ ಡಿಸ್ಕು ಜೋಡಿಸಿ, ತುಂಡು ತುಂಡಾಗಿ ತೆಗೆದು ನೋಡುತ್ತ ಹೋದೆ. ದಿನಾ ಬೆಳಿಗ್ಗೆ ಕಾಫಿ ಕುಡಿದು ಕೂತರೆ ಊಟದ ಹೊತ್ತಿನವರೆಗೆ. ಪ್ರಶ್ನೆಪತ್ರಿಕೆಯ ಚೂರು, ಯಾವುದೋ ಅಂಕಪಟ್ಟಿಯ ಚೂರು, ಅರ್ಥವಿಲ್ಲದ ಗೀಚು. ಹನ್ನೊಂದನೆಯ ದಿನ ಒಂದಿಷ್ಟು ಅಂಕಿಗಳ ಸಾಲು ಸಿಕ್ಕಿತು. ಅದರ ಮೇಲೂ ಕೆಳಗೂ ಬೇರೆ ಫೈಲುಗಳು ಹತ್ತಿ ಕೂತಿದ್ದವು.

ಗ್ರಾಫ್ ಪುಸ್ತಕ ತೆಗೆದು, ಪೆನ್ಸಿಲ್ ಹಿಡಿದು, ಒಂದೊಂದು ಅಂಕಿಗೆ ಅಕ್ಷರ ಹುಡುಕಿ ಬರೆದುಕೊಂಡೆ. ಮೊದಲು 'ತಪ್ಪು' ಎಂದಾಯಿತು. ಓಹೋ, ಇದು ತಲೆಬರಹ ಇರಬೇಕು ಎಂದುಕೊಂಡೆ. ಮುಂದಿನ ನಾಲ್ಕಾರು ಅಂಕಿಗಳಿಗೆ 'ನಂದು' ಎಂದು ಬಂದಾಗ ಪೆನ್ಸಿಲ್ ನಿಂತಿತು. ಮಗಳು ಓದಬೇಕಾದದ್ದನ್ನು ಅವಳಿಗಿಂತ ಮೊದಲು ನಾನು ಓದುತ್ತಿದ್ದೆ. ಆದರೂ ಬರೆದು ಮುಗಿಸದೆ ವಿಧಿಯಿರಲಿಲ್ಲ.

ಮತ್ತೆ ಹರವೆಗೆ ಹೋದೆ. ಡಿಸ್ಕು ಕೂರಿಸಿ, ಸಿಕ್ಕಿದಷ್ಟನ್ನು ಅದರ ಜಾಗದಲ್ಲಿ ಹಾಕಿ, ಪ್ರೋಗ್ರಾಂ ಎಬ್ಬಿಸಿಕೊಟ್ಟೆ. ಈ ಸಲ ಅವಳು ತಡಮಾಡಲಿಲ್ಲ. ಕೂತವಳೇ ತಪ್ಪು ಅಂಕಿ ಒತ್ತಿದಳು. ತೆರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿತು.

'ತಪ್ಪು ನಂದು ಕಣಮ್ಮಿ. ಸ್ಲೇಟಲ್ಲಿ ನೀನು ಬರ್ದಿದ್ದೇ ಸರಿ. ಕೈ ಎತ್ಬುಟ್ಟೆ. ಅವತ್ತಿಂದ'

ಅಲ್ಲಿಗೆ ನಿಂತಿತು.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಅಳಲಿಲ್ಲ. ಕೈ ಮಾತ್ರ ತಾನಾಗಿ ಹೋಗಿ ಕೆನ್ನೆಯ ಮೇಲೆ ಕೂತಿತು. ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗನ್ನು ಬಾಯಿಗಿಟ್ಟುಕೊಂಡಳು. ಆಮೇಲೆ ಅವಳು 'ಅವತ್ತಿಂದ' ಎನ್ನುವ ಕಡೆಯ ಪದದ ಮೇಲೆ ಬೆರಳಿಟ್ಟು, ನನ್ನ ಕಡೆ ತಿರುಗಿ, ನನ್ನ ತುಟಿಯನ್ನೇ ನೋಡುತ್ತ ಕೂತಳು. ಮುಂದೇನು ಎಂದು ಕೇಳುತ್ತಿದ್ದಳು.

ಮುಂದೇನು ಎಂದು ನನಗೆ ಗೊತ್ತಿದ್ದರಲ್ಲವೇ. ಒಂದು ತಿಂಗಳು ಕೂತು ಬರೆದದ್ದರಲ್ಲಿ ಉಳಿದಿರುವುದು ಅಷ್ಟೇ. ಡಿಸ್ಕು ಕೆಟ್ಟಿತ್ತು ಎಂದು ಇನ್ನೊಂದು ಸಲ ಹೇಳಬಹುದಿತ್ತು, ಅವಳು ನಂಬುತ್ತಿದ್ದಳು. ಆದರೆ ಆ ಕಣ್ಣು ನನ್ನ ಬಾಯಿ ಬಿಟ್ಟು ಕದಲುತ್ತಿರಲಿಲ್ಲ.

"ಮುಂದಿಂದು ಇಲ್ಲ. ಒರ್ಸಿದ್ದು ನಾನು," ಎಂದೆ. "ತಪ್ಪು ನಂದು ಕಣಮ್ಮಿ."

ಅವಳ ಮುಖ ಕಪ್ಪಿಟ್ಟಿತು. ಎದ್ದು ಹೊರಗೆ ಹೋದಳು. ಜಗಲಿಯ ಕಂಬ ಹಿಡಿದು ತುಂಬ ಹೊತ್ತು ನಮಗೆ ಬೆನ್ನು ಮಾಡಿ ನಿಂತಿದ್ದಳು. ಬೆನ್ನು ಮಾಡಿ ನಿಂತವಳಿಗೆ ಏನು ಹೇಳಿದರೂ ತಲುಪದು. ನಾನೂ ಅಕ್ಕನೂ ಕಳ್ಳರ ಹಾಗೆ ಒಳಗೇ ಕೂತಿದ್ದೆವು.

ವಾಪಸು ಬಂದು ನನ್ನ ಎದುರಿಗೆ ಕೂತಳು. ತೆರೆಯ ಮೇಲಿನ ಮೊದಲ ಸಾಲನ್ನು ತೋರಿಸಿ, ನನ್ನ ಗದ್ದ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ, ಹೇಳು ಎನ್ನುವಂತೆ ಕೈಮಾಡಿದಳು. ಹೇಳಿದೆ. ಇನ್ನೊಂದು ಸಲ ಹೇಳಿಸಿದಳು. ಆಮೇಲೆ ನೋಟ್ ಪುಸ್ತಕ ಎಳೆದುಕೊಂಡು ಬರೆದು ನನ್ನ ಮುಂದೆ ಹಿಡಿ‌ದಳು: 'ಅಪ್ಪ ಹೇಳಿದ್ದರೆ ಅವರ ಬಾಯಿ ಹೀಗೇ ಕಾಣುತ್ತಿತ್ತಾ?'

ಹೌದು ಎಂದು ತಲೆಯಾಡಿಸಿದೆ. ಭಾವನ ಬಾಯಲ್ಲಿ ಆ ಮಾತು ಬಂದದ್ದನ್ನು ನಾನೂ ಒಂದು ದಿನವೂ ನೋಡಿರಲಿಲ್ಲ.